ಹದಿನೇಳು ಹೆಜ್ಜೆಯ ಪರದೇಶ

ನಮ್ಮ ಮನೆಯ ಹೊಸ್ತಿಲಿನಿಂದ ಎದುರುಮನೆಯ ಹೊಸ್ತಿಲಿಗೆ ಸರಿಯಾಗಿ ಹದಿನೇಳು ಹೆಜ್ಜೆ. ಗಾಲಿಯ ಸೂಟ್‌ಕೇಸ್ ಎಳೆದುಕೊಂಡು ಹೋದರೆ ಹತ್ತೊಂಬತ್ತು. ಗಟಾರದ ಮೇಲೆ ಹಾಸಿದ ಕಲ್ಲಿನವರೆಗೆ ಸುತ್ತಿ ಬರಬೇಕಾಗುತ್ತದೆ. ಬೀಳಗಿಯ ಅದೇ ಓಣಿಯಲ್ಲಿ ಇಪ್ಪತ್ತಾರು ವರ್ಷ ಓಡಾಡಿದ್ದರೂ ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ನಾನು ಮೊದಲ ಬಾರಿ ಹಾಲೆಂಡಿಗೆ ಹೊರಟಾಗ. ಹೊರಟ ಮೊದಲ ಎರಡು ದಿನ ನಾನು ತಲುಪಿದ್ದು ಅಷ್ಟೇ ದೂರ.

ಕ್ರಮವಾಗಿ ಹೇಳುತ್ತೇನೆ, ಕ್ರಮ ತಪ್ಪಿದರೆ ನನಗೇ ತಲೆ ಕೆಡುತ್ತದೆ. ನಾನು ಮಣ್ಣಿನ ಸಂಶೋಧನೆ ಮಾಡುವವಳು. ಜಮಖಂಡಿ, ಮುಧೋಳದ ಕಡೆ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಸವಳಾದ ಹೊಲಗಳಿಂದ ನಾಲ್ಕು ವರ್ಷ ಮಣ್ಣು ಹೊತ್ತು ತಂದಿದ್ದೇನೆ. ಹೊಲದ ಯಜಮಾನರು "ಏನವಾ, ನಮ್ಮ ಹೊಲಾನ ಚೀಲದಾಗ ಒಯ್ಯಾಕತ್ತೀಯಲ್ಲ" ಎಂದು ನಕ್ಕರೂ ಬಿಡದೆ ಒಂದೊಂದು ಡಬ್ಬಿಗೂ ಚೀಟಿ ಅಂಟಿಸಿದ್ದೇನೆ. ಇಷ್ಟಕ್ಕೆಲ್ಲ ಫಲವಾಗಿ ಹಾಲೆಂಡಿನ ಒಂದು ಸಮ್ಮೇಳನದಲ್ಲಿ ನನಗೆ ಹನ್ನೆರಡು ನಿಮಿಷ ಮಾತನಾಡಲು ಕರೆ ಬಂದಿತ್ತು: ಶುಕ್ರವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ. ತಪ್ಪಿದರೆ ಇನ್ನೊಂದು ಸರದಿ ಇಲ್ಲ ಎಂದು ಅವರು ಬಹಳ ವಿನಯದಿಂದಲೇ ಬರೆದಿದ್ದರು.

ನಾನು ಯಾರಿಗೂ ಹೇಳದೆ ಹೋಗಿಬರಬೇಕೆಂದಿದ್ದೆ. ಆದರೆ ನಮ್ಮ ಓಣಿಯಲ್ಲಿ ಒಬ್ಬರಿಗೂ ಹೇಳದ ಸುದ್ದಿಯೇ ಎಲ್ಲರಿಗೂ ಮೊದಲು ಮುಟ್ಟುವುದು. ಸೋಮವಾರ ಹನ್ನೊಂದು ನಲವತ್ತಕ್ಕೆ ಮನೆ ಬಿಡುವುದೆಂದು ನಾನು ಬರೆದಿಟ್ಟುಕೊಂಡಿದ್ದ ವೇಳಾಪಟ್ಟಿ ನನಗಿಂತ ಚೆನ್ನಾಗಿ ಎದುರುಮನೆಯ ಶಾಂತಾ ಕಾಕುಗೆ ಬಾಯಿಪಾಠವಾಗಿತ್ತು. ಅಂದು ಅವ್ವ ಅಂಗೈಗೆ ಮೊಸರು-ಸಕ್ಕರೆ ಹಾಕಿದಳು, ಅಜ್ಜಿ, ನಮ್ಮ ಆಯಿ, ಹಣೆಗೆ ವಿಭೂತಿ ಹಚ್ಚಿದಳು, ನಾನು ಬಲಗಾಲಿಟ್ಟು ಹೊರಬಿದ್ದು "ಹೋಗಿ ಬರ್ತೇನಿ" ಎಂದೆ. ಕಟ್ಟೆಯ ಕೊನೆಯ ಮೆಟ್ಟಿಲಲ್ಲಿದ್ದಾಗ ಫೋನ್ ಬಂತು. ಬೆಂಗಳೂರಿನಲ್ಲಿ ಟಿಕೆಟ್ ಮಾಡಿಸಿಕೊಟ್ಟಿದ್ದ ಏಜೆಂಟ್.

"ಮೇಡಂ, ನಿಮ್ಮ ಫ್ಲೈಟ್ ಇಲ್ಲ. ಅಲ್ಲೆಲ್ಲೋ ಬೆಟ್ಟ ಸಿಡಿದಿತ್ತಲ್ಲ, ಆ ಬೂದಿ ಇನ್ನೂ ಆಕಾಶ ಬಿಟ್ಟಿಲ್ಲವಂತೆ. ಮನೇಲೇ ಇರಿ, ಫೋನ್ ಮಾಡ್ತೀವಿ."

ಜ್ವಾಲಾಮುಖಿಯ ಬೂದಿಯ ಸುದ್ದಿ ನಾಲ್ಕು ದಿನದಿಂದ ಪೇಪರಿನಲ್ಲಿತ್ತು. ನಮ್ಮ ವಿಮಾನಕ್ಕೇನೂ ಆಗುವುದಿಲ್ಲ ಎಂದು ಧೈರ್ಯ ಹೇಳಿದ್ದವನೂ ಇವನೇ. ಮನೆಯಲ್ಲೇ ಇರಿ ಎಂದ ಮೇಲೆ ಮನೆಯಲ್ಲೇ ಇರೋಣವೆಂದು ನಾನು ಸೂಟ್‌ಕೇಸ್ ತಿರುಗಿಸಿದೆ. ಆಯಿ ಎರಡೂ ಕೈ ಚಾಚಿ ಬಾಗಿಲು ತುಂಬಿ ನಿಂತಳು.

"ಏ ಏ, ಎಲ್ಲಿಗೆ? ಹೊಸ್ತಲಾ ದಾಟಿದಾಕಿ ಹೊಳ್ಳಿ ಒಳಗ ಬರಬಾರದು."

"ಆಯಿ, ವಿಮಾನ ಇಲ್ಲಂತ."

"ವಿಮಾನ ಇಲ್ಲದಿದ್ದರ ಏನಾತು? ನೀ ಹೋಗೀಯಲ್ಲ?"

ಬೂದಿ ಎಂಜಿನ್ನಿನೊಳಗೆ ಹೋದರೆ ಏನಾಗುತ್ತದೆ ಎಂದು ಬೀದಿಯಲ್ಲಿ ನಿಂತು ವಿವರಿಸಿದೆ. ಆಯಿ ಪೂರ್ತಿ ಕೇಳಿದಳು. "ಕಬ್ಬಿನ ಹಂಗಾಮಿನಾಗ ಕಾರ್ಖಾನಿ ಬೂದಿ ಒಣಹಾಕಿದ ಅರಿವಿ ಮ್ಯಾಲ ದಿನಾ ಬೀಳತೈತಿ. ಬಾಗಲಕೋಟಿ ಬಸ್ಸು ಒಂದ ದಿನಾರ ನಿಂತೈತೇನು? ಹಂಗಾರ ನಿಮ್ಮ ವಿಮಾನಕ್ಕಿಂತ ನಮ್ಮ ಬಸ್ಸ ಗಟ್ಟಿ ಬಿಡು." ಅವ್ವ ನನ್ನ ಕಡೆ ಮಾತಾಡುವಳೇನೋ ಎಂದು ನೋಡಿದೆ. ಅವ್ವ ಅಂಗೈ ಒರೆಸಿಕೊಳ್ಳುತ್ತ ಗಟಾರದ ಕಲ್ಲನ್ನು ನೋಡುತ್ತಿದ್ದಳು. ಅಷ್ಟರಲ್ಲಿ ಶಾಂತಾ ಕಾಕು ಬಂದು ಸೂಟ್‌ಕೇಸಿಗೆ ಕೈ ಹಾಕಿಬಿಟ್ಟರು. "ಬಾರವಾ, ಬಾ. ನಮ್ಮನಿ ಏನು ಪರದೇಶ ಏನು?"

ಪರದೇಶವೇ ಆಗಿತ್ತು. ನಾನು ಮಾತು ಕಡಿಮೆ ಇರುವವಳು. ಕಾಕು ಹಾಗಲ್ಲ. ಹಾಲೆಂಡಿನಲ್ಲಿ ಜೋಳ ಬೆಳೆಯುತ್ತಾರೋ ಇಲ್ಲವೋ, ಬೆಳೆಯದಿದ್ದರೆ ಏನು ತಿನ್ನುತ್ತಾರೆ, ಅಲ್ಲಿಯ ಹೆಣ್ಣುಮಕ್ಕಳು ಎಷ್ಟನೇ ವಯಸ್ಸಿಗೆ ಲಗ್ನವಾಗುತ್ತಾರೆ, ಅದಿರಲಿ, ನಾನು ಎಷ್ಟನೇ ವಯಸ್ಸಿಗೆ ಆಗುವವಳಿದ್ದೇನೆ: ಊಟಕ್ಕೆ ಮೊದಲೇ ಇಷ್ಟಾಯಿತು. ಬೆಳಿಗ್ಗೆ ನನ್ನನ್ನು ಬೀಳ್ಕೊಟ್ಟವರು ಸಂಜೆ ನೋಡಲು ಬಂದರು. ಕೆಲವರು "ಹೋಗಿಲ್ಲೇನು?" ಎಂದರು. ಒಬ್ಬರು "ಬಂದೇ ಬಿಟ್ಟೀಯಾ? ಲಗೂನ ಆತಲ್ಲ!" ಎಂದು ಸಂತೋಷಪಟ್ಟರು. ಅವರನ್ನು ತಿದ್ದಲು ನನಗೆ ಮನಸ್ಸಾಗಲಿಲ್ಲ.

ಆಯಿಯಂತೂ ನನ್ನ ಪ್ರವಾಸವನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದಳು. ನಮ್ಮ ಕಟ್ಟೆಯ ಮೇಲೆ ಕುಳಿತು, ಬಾಯಿಗೆ ಕೈ ಅಡ್ಡ ಹಿಡಿದು, ಓಣಿಯ ಆಚೆಗೆ ಕೂಗುತ್ತಿದ್ದಳು. "ಯವ್ವಾ, ಅಲ್ಲೆ ಹವಾ ಹೆಂಗೈತಿ?"

"ಅಲ್ಲಿ ಹೆಂಗೈತೋ ಇಲ್ಲೂ ಹಂಗ ಐತಿ, ಆಯಿ."

"ಊಟ ಸೇರತೈತೇನು? ಪರದೇಶದ ಊಟಕ್ಕ ಉಪ್ಪು ಕಡಿಮಿ ಅಂತಾರ."

"ಯಾರ್ರೀ ಅದು ನನ್ನ ಅಡಗಿಗೆ ಹೆಸರಿಡಾಕತ್ತವರು?" ಎಂದು ಒಳಗಿನಿಂದ ಕಾಕು.

ಏಜೆಂಟ್ ಫೋನ್ ಮಾಡುತ್ತಲೇ ಇದ್ದ. ಮಂಗಳವಾರ ರಾತ್ರಿ ಖಂಡಿತ ಎಂದ. ಒಂದು ತಾಸಿನ ನಂತರ ಅದೇ ಆಫೀಸಿನ ಹೆಣ್ಣುಮಗಳೊಬ್ಬಳು ಮಂಗಳವಾರ ಯಾರು ಹೇಳಿದ್ದು ಎಂದು ನನ್ನನ್ನೇ ಕೇಳಿದಳು. ನನ್ನ ವೇಳಾಪಟ್ಟಿಯ ಹಾಳೆಯಲ್ಲಿ ಒಂದರ ಮೇಲೊಂದು ಗೀಟು ಎಳೆದು, ಬಾಣ ಹಾಕಿ, ಕೊನೆಗೆ ಯಾವ ಬಾಣ ಯಾವ ದಿನಕ್ಕೆ ಹೋಗಿದೆ ಎಂದು ನನಗೇ ತಿಳಿಯದಾಯಿತು. ಒಂದು ಮಾತ್ರ ಸ್ಪಷ್ಟವಿತ್ತು: ಬುಧವಾರ ಬೆಳಿಗ್ಗೆ ಬೀಳಗಿ ಬಿಡದಿದ್ದರೆ ಶುಕ್ರವಾರದ ಹನ್ನೆರಡು ನಿಮಿಷ ನನ್ನದಲ್ಲ.

ಈಗ ತಪ್ಪೊಪ್ಪಿಗೆ. ಮಂಗಳವಾರ ಮಧ್ಯಾಹ್ನ, ಬಿಸಿಲಿಗೆ ಇಡೀ ಓಣಿ ಮಲಗಿದ್ದಾಗ, ಕಾಕು ನಿದ್ದೆಯಲ್ಲೂ ಏನೋ ಕೇಳುತ್ತಿದ್ದಾಗ, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಸುತ್ತು ಹಾಕಿ ನಮ್ಮ ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ಕದಿಯಲಿಕ್ಕಲ್ಲ. ನನ್ನ ಕೋಣೆಯ ತಂಪು ಫರಸಿಕಲ್ಲಿನ ನೆಲದ ಮೇಲೆ ಅರ್ಧ ತಾಸು ಸುಮ್ಮನೆ ಬಿದ್ದುಕೊಂಡಿರಲಿಕ್ಕೆ, ಯಾರೂ ಏನೂ ಕೇಳದ ಹಾಗೆ. ಬಿದ್ದುಕೊಂಡಿದ್ದಾಗಲೇ ಕಿಸೆಯಲ್ಲಿ ಫೋನ್ ನಡುಗಿತು. "ಇವತ್ತೂ ಇಲ್ಲ ಮೇಡಂ. ನಾಳೇದು ಹೇಳಕ್ಕಾಗಲ್ಲ."

ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಬೆನ್ನಿನ ಕೆಳಗೆ ಫರಸಿ ಇನ್ನಷ್ಟು ತಂಪಾಯಿತು. ಗುರುತಿಲ್ಲದ ಅಷ್ಟು ಮುಖಗಳ ಮುಂದೆ ಹನ್ನೆರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕಾಗಿಲ್ಲ, ತಪ್ಪೂ ನನ್ನದಲ್ಲ, ಬೆಟ್ಟದ್ದು. ಹೊರಗೆ ಬಂದ ಮೇಲಷ್ಟೇ ಹೆದರಿಕೆ ಶುರುವಾಯಿತು, ಅದೂ ವಿಚಿತ್ರ ಹೆದರಿಕೆ: ನಾನು ಹೊಳ್ಳಿ ಒಳಗೆ ಹೋದದ್ದಕ್ಕೇ ಹೀಗಾಯಿತೇ? ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದೇ ಕಾರಣವಲ್ಲ ಎಂದು ನನ್ನ ಪ್ರಬಂಧದಲ್ಲಿ ಎರಡು ಕಡೆ ಬರೆದಿದ್ದೇನೆ. ಹಾಗೆ ಬರೆಯುವಾಗ ನನ್ನ ಹೊಸ್ತಿಲು ಲೆಕ್ಕದಲ್ಲಿರಲಿಲ್ಲ.

ಸಂಜೆ ತಡೆಯಲಾರದೆ ಬೀದಿಗೆ ಬಂದು, ಮೆಟ್ಟಿಲು ಮುಟ್ಟದೆ ನಿಂತು, ಕಟ್ಟೆಯ ಮೇಲಿದ್ದ ಆಯಿಗೆ ಮೆಲ್ಲಗೆ ಹೇಳಿದೆ. "ಆಯಿ, ಮಧ್ಯಾಹ್ನ ನಾ ಒಳಗ ಬಂದಿದ್ದೆ."

"ನೋಡೇನಿ ತಗೋ. ಹಿತ್ತಲ ಬಾಗಲದಾಗ ಬಂದವರನ್ನ ಮಂದಿ ಅಂತ ಹಿಡಿಯೂದಿಲ್ಲ, ಬೆಕ್ಕು ಅಂತೀವಿ." ಆಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಖರೆ ಹೇಳ. ವಿಮಾನ ಬರಲಿ ಅಂತ ಬೇಡಿಕೊಂಡಿಯೋ, ಬರಬಾರದು ಅಂತೋ?"

ನಾನು ಬಾಯಿ ತೆರೆದೆ. ಯಾವ ಉತ್ತರ ಕೊಡಲು ತೆರೆದೆ ಎಂದು ಇಂದಿಗೂ ಗೊತ್ತಿಲ್ಲ.

"ಅದಕ್ಕ ಹೊಳ್ಳಿ ಬರಬಾರದು ಅನ್ನೂದು," ಎಂದಳು ಆಯಿ. "ಶಕುನಾನೂ ಅಲ್ಲ, ಸುಡುಗಾಡೂ ಅಲ್ಲ. ಒಮ್ಮೆ ಒಳಗ ಬಂದ ಕೂತರ ಮತ್ತ ಏಳಾಕ ಮನಸ ಆಗೂದಿಲ್ಲ."

ಮರುದಿನ ಬೆಳಿಗ್ಗೆ ಆರು ಗಂಟೆಗೆ ಏಜೆಂಟನ ಫೋನ್ ಇನ್ನೂ ಬಂದಿರಲಿಲ್ಲ. ನಾನು ಕಾದು ಕೂರಲಿಲ್ಲ. ಕಾಕುವಿನ ಮನೆಯಿಂದ ಸೂಟ್‌ಕೇಸ್ ಎಳೆದುಕೊಂಡು ಬಂದು ನಮ್ಮ ಕಟ್ಟೆಯ ಕೆಳಗೆ ನಿಂತು ಅಂಗೈ ಚಾಚಿದೆ. ಅವ್ವ "ಒಮ್ಮೆ ಆಗೇತಲ್ಲ" ಎಂದಳು. ಆಯಿ "ಹಾಕ ಬೇ, ಬೂದಿ ಭಾಳ ಐತಂತ" ಎಂದಳು. ಮೊಸರು-ಸಕ್ಕರೆ ನೆಕ್ಕಿ ಆರೂವರೆಯ ಬಾಗಲಕೋಟೆ ಬಸ್ಸು ಹತ್ತಿದೆ. ವಿಮಾನವಿಲ್ಲದಿದ್ದರೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಕುಳಿತಿರೋಣ, ಅಲ್ಲಿ ಹಿತ್ತಲ ಬಾಗಿಲಾದರೂ ಇರಲಾರದು. ಅನಗವಾಡಿಯ ಸೇತುವೆಯ ಮೇಲೆ, ಕೆಳಗೆ ಹಿನ್ನೀರು ಸರಿದು ಬಿರಿದ ಕೆಸರನ್ನು ಅಭ್ಯಾಸಬಲದಿಂದ ನೋಡುತ್ತಿದ್ದಾಗ ಫೋನ್ ಬಂತು.

"ಮೇಡಂ, ಇವತ್ತು ರಾತ್ರಿ ಫ್ಲೈಟ್ ಹೋಗ್ತಿದೆ! ಮನೇಲೇ ಇದೀರಲ್ವಾ?"

"ಇಲ್ಲ," ಎಂದೆ. "ಹೊರಟಾಯಿತು."

ಎರಡು ಸಲ ಮೊಸರು-ಸಕ್ಕರೆ, ಒಂದು ಸಲ ವಿಮಾನ. ಇಷ್ಟು ಸಣ್ಣ ಲೆಕ್ಕದಿಂದ ಏನನ್ನೂ ಸಾಬೀತು ಮಾಡಲಾಗದು, ಅದು ನನಗೆ ಚೆನ್ನಾಗಿ ಗೊತ್ತು. ಆದರೂ ಫೋನನ್ನು ಎಡಗೈಯಲ್ಲೇ ಹಿಡಿದಿದ್ದೆ, ಮತ್ತು ಬಾಗಲಕೋಟೆ ದಾಟುವವರೆಗೆ ಸಕ್ಕರೆಗೆ ಜಿಗಿಜಿಗಿ ಎನ್ನುತ್ತಿದ್ದ ಆ ಬಲಗೈಯನ್ನು ತೊಳೆಯಲಿಲ್ಲ.