ಕಡ್ಡಾಯ, ನನ್ನೊಬ್ಬನ ಹೊರತು

ಜನ ಸಾಮಾನ್ಯವಾಗಿ ರೋಗಕ್ಕೆ ಹೆದರುತ್ತಾರೆ. ನನಗೆ ರೋಗಕ್ಕಿಂತ ಡಾಕ್ಟರರ ಹೆದರಿಕೆ ಹೆಚ್ಚು. ಗುತ್ತಲದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನಮ್ಮ ತಂದೆ ವರ್ಷಗಟ್ಟಲೆ ಕೆಮ್ಮುತ್ತಲೇ ಆರಾಮವಾಗಿದ್ದರು. ಯಾರೋ ಒತ್ತಾಯ ಮಾಡಿ ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿದರು. ಅಲ್ಲಿ ಆ ಕೆಮ್ಮಿಗೆ ಒಂದು ದೊಡ್ಡ ಹೆಸರು ಸಿಕ್ಕಿತು. ಹೆಸರು ಹೊತ್ತು ಊರಿಗೆ ಮರಳಿದವರು ಮತ್ತೆ ಅಂಗಡಿಯಲ್ಲಿ ಕೂರಲೇ ಇಲ್ಲ, ಮುಂದಿನ ಸುಗ್ಗಿಯನ್ನೂ ನೋಡಲಿಲ್ಲ. ಅಂದಿನಿಂದ ಸ್ಪಿರಿಟ್ಟಿನ ವಾಸನೆ ಬಂದರೆ ಸಾಕು, ನನ್ನ ಕೈಕಾಲು ತಣ್ಣಗಾಗುತ್ತವೆ. ದವಾಖಾನೆ ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತೇನೆ. ನಾನು ಮಾಸ್ತರಿಕೆ ಮಾಡುತ್ತಿದ್ದ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿಗೆ ಊರೆಲ್ಲ ಕೆಮ್ಮುತ್ತಿತ್ತು. ಹಾಗಾಗಿ ನನ್ನ ಕೆಮ್ಮನ್ನು ಯಾರೂ ವಿಚಾರಿಸುತ್ತಿರಲಿಲ್ಲ. ಆ ಊರು ನನಗೆ ಒಗ್ಗಿದ್ದೇ ಇದರಿಂದ.

ತೊಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮ ಹೈಸ್ಕೂಲಿನ ಆಡಳಿತ ಮಂಡಳಿ ನಮಗೆಲ್ಲ ಆರೋಗ್ಯ ವಿಮೆ ಮಾಡಿಸಲು ಹೊರಟಿತು. ವಿಮೆ ಕಂಪನಿಯದು ಒಂದೇ ಶರತ್ತು: ಸೇರಿದರೆ ಎಲ್ಲರೂ ಸೇರಬೇಕು, ಪಗಾರದಲ್ಲೇ ಹಣ ಮುರಿಯಬೇಕು. ಸ್ಟಾಫ್ ರೂಮಿನಲ್ಲಿ ಜಗಳ ಹತ್ತಿಕೊಂಡಿತು. ಬೆಳಗಾಗೆದ್ದು ದಂಡ ಹೊಡೆಯುವ ನಮ್ಮ ಡ್ರಿಲ್ ಮಾಸ್ತರು ಫಕ್ಕೀರಪ್ಪ ಮೊದಲು ಎದ್ದು ನಿಂತರು. "ನನಗ ನೆಗಡಿ ಸುದ್ದಾ ಬರಂಗಿಲ್ಲ. ಮಂದಿ ಜಡ್ಡಿಗೆ ನಾ ಯಾಕ ರೊಕ್ಕಾ ಕೊಡ್ಲಿ? ಬೇಕಾದವ್ರು ಮಾಡಿಸ್ಲಿ, ಬ್ಯಾಡಾದವ್ರನ್ನ ಬಿಡ್ರಿ" ಎಂದರು. ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಆಗ ಗಣಿತದ ನದಾಫ್ ಸರ್ ಮೆಲ್ಲಗೆ ಬಾಯಿ ತೆರೆದರು. ಹೆಂಡತಿಯ ಆಪರೇಶನ್ನಿಗಾಗಿ ಅವರು ಮನೆ ಕಟ್ಟಬೇಕೆಂದಿದ್ದ ಜಾಗ ಮಾರಿದ್ದು ನಮಗೆಲ್ಲ ಗೊತ್ತಿತ್ತು. "ಜಡ್ಡು ಬಂದ ಮ್ಯಾಲೆ ಯಾವ ಕಂಪನೀನೂ ಬಾಗಲಾ ತಗ್ಯಂಗಿಲ್ಲರಿ. ಆರಾಮ್ ಇದ್ದವ್ರೂ ಕೂಡಿದ್ರನ ನಮ್ಮಂಥಾವ್ರಿಗೆ ನೆಳ್ಳು" ಎಂದು ಕೂತರು.

ನದಾಫ್ ಸರ್ ಮಾತು ನನಗೆ ನಾಟಿತು. ಎದ್ದು ನಿಂತು, ಕನ್ನಡ ಮಾಸ್ತರನಿಗೆ ಸಹಜವಾದ ರೀತಿಯಲ್ಲಿ, ಅಗತ್ಯಕ್ಕಿಂತ ಉದ್ದವಾದ ಭಾಷಣ ಬಿಗಿದೆ. ಸಹಬಾಳ್ವೆ, ತ್ಯಾಗ, ಎಲ್ಲವೂ ಬಂದವು. ಕಡ್ಡಾಯವೇ ಧರ್ಮ ಎಂದೆ. ಫಕ್ಕೀರಪ್ಪನವರು ಗೊಣಗುತ್ತಲೇ ಸಹಿ ಹಾಕಿದರು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಹೆಡ್‌ಮಾಸ್ತರರು ಹೇಳಿದರು: ಬರುವ ಶನಿವಾರ ಹಾವೇರಿಯಿಂದ ಡಾಕ್ಟರರು ಬಂದು ಎಲ್ಲರನ್ನೂ ತಪಾಸಣೆ ಮಾಡುತ್ತಾರೆ.

ಅಂದಿನಿಂದ ಅನ್ನ ಇಳಿಯಲಿಲ್ಲ. ನನ್ನೊಳಗೆ ಎಲ್ಲೋ ಹೆಸರಿಲ್ಲದೆ ಸುಮ್ಮನೆ ಮಲಗಿರುವುದನ್ನು ಆ ಮನುಷ್ಯ ಹೆಸರು ಹಿಡಿದು ಕರೆದು ಎಬ್ಬಿಸುತ್ತಾನೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಮಕ್ಕಳ ಮುಖ ನೋಡಿದರೆ ಕಣ್ಣು ತುಂಬಿ ಬರುತ್ತಿತ್ತು. ಕೊನೆಗೆ ನಾಚಿಕೆ ಬಿಟ್ಟು ಫಕ್ಕೀರಪ್ಪನವರ ಮನೆಗೇ ಹೋಗಿ, ವಿರೋಧವನ್ನು ಇಷ್ಟು ಬೇಗ ಕೈಬಿಡಬಾರದು, ಒತ್ತಾಯ ಮಾಡುವುದು ವ್ಯಕ್ತಿಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ವಿವರಿಸಿದೆ. ಅವರು ನನ್ನನ್ನೇ ಕೇಳಿದರು: "ಅವತ್ತ ನನ್ನ ಬಾಯಿ ಮುಚ್ಚಿಸಿದವ್ರು ನೀವ ಅಲ್ಲೇನ್ರಿ ಸರ? ನಾ ಸಹಿ ಮಾಡೇನಿ. ಇನ್ನ ಹಿಂದ ಸರಿಯಂಗಿಲ್ಲ."

ಶನಿವಾರ ರಾಣೆಬೆನ್ನೂರಿನಲ್ಲಿ ತುರ್ತು ಕೆಲಸವಿದೆಯೆಂದು ಹೆಂಡತಿಗೆ ಹೇಳಿ ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸು ತಡವಾಯಿತು, ಫಕ್ಕೀರಪ್ಪನವರ ಸೈಕಲ್ಲು ತಡವಾಗಲಿಲ್ಲ. ನನ್ನನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಶಾಲೆಗೆ ತಂದರು. ಡಾಕ್ಟರರು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಪಾದರಸ ಮೇಲೇರಿತು. ಸ್ವಲ್ಪ ಕೂಡಿಸಿ ಮತ್ತೆ ನೋಡಿದರು. ಈ ಸಲ ಇನ್ನೂ ಮೇಲೇರಿತು. "ಬಿ.ಪಿ. ಐತ್ರಿ ನಿಮಗ" ಎಂದರು. ಹೆಸರು ಬಂತು. ತಂದೆಯವರ ಮುಖ ಕಣ್ಣ ಮುಂದೆ ಬಂತು.

ಮನೆಯಲ್ಲಿ ಉಪ್ಪು ಹೋಯಿತು, ಉಪ್ಪಿನಕಾಯಿ ಹೋಯಿತು. ನಾನು ಸಾವನ್ನು ಕಾಯುತ್ತ ಕುಳಿತೆ. ಹೆಂಡತಿ ದಿನಾ ಗುಳಿಗೆ ಕೊಡುತ್ತ, ಸಾಯುವವರು ಹೀಗೆ ಎರಡು ಹೊತ್ತೂ ಚಹಾ ಕೇಳುವುದಿಲ್ಲ ಎಂದಳು. ಅಷ್ಟರಲ್ಲಿ ಕಂಪನಿಯಿಂದ ಉತ್ತರ ಬಂತು: ಎಲ್ಲರ ವಿಮೆಯೂ ಮಂಜೂರಾಗಿದೆ. ನನ್ನದೂ ಆಗಿದೆ, ಆದರೆ ರಕ್ತದೊತ್ತಡ ಮತ್ತು ಅದರಿಂದ ಹುಟ್ಟುವ ಯಾವ ಕಾಯಿಲೆಗೂ ಅದು ಅನ್ವಯಿಸದು.

ಮುಂದೆ ಕಬಡ್ಡಿ ಕಲಿಸಲು ಹೋಗಿ ಫಕ್ಕೀರಪ್ಪನವರೇ ಕಾಲು ಮುರಿದುಕೊಂಡರು. ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು, ಖರ್ಚು ಕಂಪನಿ ನೋಡಿಕೊಂಡಿತು. ನೋಡಲು ಹೋಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಬಾಳೆಹಣ್ಣು ಹಿಡಿದು ಒಳಗೆ ಕಾಲಿಟ್ಟೆ. ವಾಸನೆಗೆ ಬೆವರು ಒಡೆಯಿತು. ಫಕ್ಕೀರಪ್ಪನವರು ಕಾಲ ಮೇಲೆ ಚಾದರ ಹೊದ್ದು, ಮಂಚದ ಮೇಲೆ ಕೂತು ಗಿರ್ಮಿಟ್ ತಿನ್ನುತ್ತಿದ್ದರು. ಅಷ್ಟರಲ್ಲಿ ಹೊಸ ಡಾಕ್ಟರರೊಬ್ಬರು ಬಂದರು. ನಮ್ಮಿಬ್ಬರನ್ನೂ ನೋಡಿ, ನೇರವಾಗಿ ಬೆವರುತ್ತ ನಿಂತಿದ್ದ ನನ್ನ ಕೈಹಿಡಿದರು.

"ಅಂಜಬ್ಯಾಡ್ರಿ, ಆಪರೇಶನ್ ಛಲೋ ಆಗೇತಿ. ಹಿಂಗ ಎದ್ದು ಅಡ್ಡಾಡಬಾರದು, ಮಲಕೋರಿ."

ಫಕ್ಕೀರಪ್ಪನವರು ತುಸು ಸರಿದು ನನಗೆ ಜಾಗ ಮಾಡಿಕೊಟ್ಟರು. ನಾನು ಚಪ್ಪಲಿ ಬಿಟ್ಟು ಮಲಗಿಯೇಬಿಟ್ಟೆ.