ಡಾಕ್ಟರ ಹಿತ್ತಿಲಿನ ತಾಮ್ರ

ಐರ್ಲೆಂಡಿನ ಈ ಕಾರ್ಕ್ ಕಡೆಯ ಮಣ್ಣಿನಲ್ಲಿ ತಾಮ್ರ ಗೆಣಸಿನ ಹಾಗೆ ಹುದುಗಿರುತ್ತದೆ, ಅಗೆದರೆ ಗಟ್ಟಿಗಟ್ಟಿಯಾಗಿ ಕೈಗೆ ಬರುತ್ತದೆ ಎಂದು ನನಗೆ ಮೊದಲು ಹೇಳಿದವರು ನಮ್ಮ ಡಾಕ್ಟರು. ದಾವಣಗೆರೆಯಲ್ಲಿ ಓದಿ ಬಂದು ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಜನ್ ಆಗಿರುವವರು. ನಾನು ಲಿಟಲ್ ಐಲ್ಯಾಂಡಿನ ಒಂದು ಔಷಧ ಕಾರ್ಖಾನೆಯ ಉಗ್ರಾಣದವನು. ಹಳ್ಳಿಯ ಶಾಲೆ ಕಲಿಸಿದಷ್ಟು ಓದು, ಅಜ್ಜ ಕಲಿಸಿದಷ್ಟು ಮಂತ್ರ. ಇಲ್ಲಿಯ ಕನ್ನಡದವರ ಮನೆಗಳಲ್ಲಿ ಪೂಜೆಯಿದ್ದರೆ ನನಗೇ ಫೋನು ಬರುತ್ತದೆ. ಲೋಹ ಹುಡುಕುವ ಯಂತ್ರ ಹಿಡಿದವನನ್ನು ಕಂಡರೆ ಲೋಕಕ್ಕೆ ಅನುಮಾನ, ಹಿಡಿದವನಿಗೆ ಲೋಕದ ಮೇಲೆಲ್ಲ ಅನುಮಾನ. ಇವೆರಡೂ ಸೇರಿದ ಕಡೆ ಇಂಥವು ನಡೆಯುತ್ತಲೇ ಇರುತ್ತವೆ.

ಡಾಕ್ಟರು ಊರಾಚೆ ಒಂದು ಹಳೆಯ ಮನೆ ಕೊಂಡರು. ಹಿಂದೆ ದೊಡ್ಡ ಹಿತ್ತಿಲು, ಅದರಾಚೆ ಗುಡ್ಡ. ಬಾಡಿಗೆ ಮನೆಯನ್ನು ಆ ತಿಂಗಳ ಕೊನೆಗೇ ಬಿಟ್ಟುಕೊಡಬೇಕಿತ್ತು. ಅವರ ಹೆಂಡತಿ ಗೃಹಪ್ರವೇಶಕ್ಕೆ ಮುಹೂರ್ತ ಕೇಳಿದಾಗ ನಾನು ಸುಮ್ಮನಿರಬಾರದೇ? "ಹಳೇ ನೆಲ ತಾಯಿ, ಅಡಿಯಲ್ಲಿ ಎಲುಬು ಗಿಲುಬು, ಕಬ್ಬಿಣ ಗಿಬ್ಬಿಣ ಇದ್ದರೆ ಅದಕ್ಕೆ ಶಲ್ಯದೋಷ ಅಂತಾರೆ" ಎಂದುಬಿಟ್ಟೆ.

"ಹಾಗಾದ್ರೆ ಅದೇನಿದೆಯೋ ತೆಗೆಯೋ ತನಕ ನಾನು ಆ ಹೊಸ್ತಿಲು ದಾಟಲ್ಲ ಅಣ್ಣಾ" ಎಂದರು ಆಕೆ.

ಡಾಕ್ಟರ ಮುಖದಲ್ಲಿ ಚಿಂತೆ ಕಾಣಬೇಕಿತ್ತು, ಆದರೆ ಮುಖ ಅರಳಿತು. ಮರುವಾರವೇ ಯಂತ್ರ ಬಂತು. ಆಗಲೇ ನನಗೆ ಅನುಮಾನ.

ಹೆಜ್ಜೆಗೊಂದು ನಿಧಿ

ಈ ದೇಶದಲ್ಲಿ ಹಳೆಯ ನಾಣ್ಯ, ಹಳೆಯ ವಸ್ತು ಹುಡುಕಲು ಯಂತ್ರ ಹಿಡಿಯಬೇಕಾದರೆ ಸರ್ಕಾರದ ಅನುಮತಿ ಬೇಕು, ಸ್ವಂತ ಹಿತ್ತಿಲಾದರೂ ಸರಿ. ನಾನದನ್ನು ನೆನಪಿಸಿದೆ.

"ನಾವು ಹುಡುಕ್ತಿರೋದು ನಾಣ್ಯ ಅಲ್ಲ, ದೋಷ. ದೋಷಕ್ಕೆ ಯಾರ ಪರ್ಮಿಶನ್ನೂ ಬೇಕಿಲ್ಲ" ಎಂದರು ಡಾಕ್ಟರು. "ಅಕಸ್ಮಾತ್ ಗುಡ್ಡದಿಂದ ಉರುಳಿಬಂದ ತಾಮ್ರದ ಗಟ್ಟಿ ಸಿಕ್ಕಿದ್ರೆ ಅದು ದೇವರು ಕೊಟ್ಟಿದ್ದು."

ನಾನು ಪಾಳಿ ಮುಗಿಸಿ ನೇರ ಅಲ್ಲಿಗೇ ಹೋಗಿದ್ದೆ. ಯಂತ್ರ ನನ್ನ ಕೈಗೆ, ಸಲಿಕೆ ಅವರ ಕೈಗೆ. ಮೊದಲ ಹೆಜ್ಜೆಗೇ ಯಂತ್ರ ಕೀಂ ಎಂದಿತು. ಅಗೆದರೆ ಏನೂ ಇಲ್ಲ. ಎರಡನೆಯ ಹೆಜ್ಜೆಗೂ ಕೀಂ. ಕೊಟ್ಟಿಗೆಯ ಹಿಂದೆ, ಬಾವಿಯ ಪಕ್ಕ, ಯಾರೂ ಕಾಲಿಡದ ಮುಳ್ಳುಪೊದೆಯ ಬುಡದಲ್ಲಿ, ಎಲ್ಲಿ ನಿಂತರೂ ಕೀಂ. "ಇಡೀ ಹಿತ್ತಿಲೇ ತಾಮ್ರದ ಹಾಸು ಕಣ್ರೀ" ಎಂದು ಡಾಕ್ಟರು ಬೆವರು ಒರೆಸಿಕೊಂಡರು.

ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದ ಅವರ ಹೆಂಡತಿ ಕೊನೆಗೆ ಕೇಳಿದರು: "ಅಣ್ಣಾ, ಫ್ಯಾಕ್ಟರಿಯಲ್ಲಿ ಕಾಲ ಮೇಲೆ ಡಬ್ಬ ಬೀಳಬಾರದು ಅಂತ ಹಾಕ್ಕೊಳ್ಳೋ ಶೂ ಅಲ್ವಾ ಅದು? ಅದರ ಮೂತಿಯೊಳಗೆ ಉಕ್ಕು ಇರತ್ತಲ್ಲ?"

ಡಾಕ್ಟರು ತಾವು ತೋಡಿದ ಗುಂಡಿಗಳ ಸಾಲನ್ನು ನೋಡಿದರು, ನನ್ನ ಕಾಲನ್ನು ನೋಡಿದರು.

"ಗೃಹಪ್ರವೇಶದ ದಿನ ಅದನ್ನ ಗೇಟಿನ ಹೊರಗೇ ಬಿಟ್ಟು ಬನ್ನಿ" ಎಂದರು ಆಕೆ. "ಇರೋ ದೋಷ ತೆಗೆಯೋಕೆ ಬಂದವರು ಹೊಸದನ್ನ ಒಳಗೆ ತರಬೇಡಿ."

ಬೇಲಿಯಾಚೆಯ ಟೋಪಿ

ಮುಂದಿನ ಶನಿವಾರ ನಾನು ಚಪ್ಪಲಿಯಲ್ಲಿ ಹೋದೆ. ಅಂದು ಬೇಲಿಯ ಮೇಲೆ ಒಂದು ಬಟ್ಟೆಯ ಟೋಪಿ ಕಾಣಿಸಿತು. ನಾವು ಎಡಕ್ಕೆ ಹೋದರೆ ಟೋಪಿ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಪಕ್ಕದ ಹೊಲದ ಮುದುಕ ರೈತ.

"ಗಾರ್ಡಾಗೆ ಫೋನ್ ಮಾಡೋಕೇ ನಿಂತಿದಾನೆ" ಎಂದು ಡಾಕ್ಟರು ಪಿಸುಗುಟ್ಟಿದರು. ಗಾರ್ಡಾ ಅಂದರೆ ಇಲ್ಲಿಯ ಪೊಲೀಸರು.

ಅಷ್ಟರಲ್ಲಿ ಟೋಪಿಯೇ ಕೇಳಿತು: "ಏನು ಕಳೆದುಕೊಂಡಿರಪ್ಪಾ?"

"ಉಂಗುರ" ಎಂದರು ಡಾಕ್ಟರು, ಒಂದಿಷ್ಟೂ ತಡವರಿಸದೆ.

ಮುದುಕ ಮಾಯವಾದ. ಬದುಕಿದೆವು ಅಂದುಕೊಂಡೆವು. ಆದರೆ ಅವನು ಕೈಕುಂಟೆಯನ್ನೂ ಒಂದು ಫ್ಲಾಸ್ಕ್ ಚಹಾವನ್ನೂ ಹಿಡಿದು ಗೇಟಿನಿಂದಲೇ ಒಳಗೆ ಬಂದ. ನಮಗಿಂತ ಶ್ರದ್ಧೆಯಿಂದ ಹುಲ್ಲು ಕೆದಕಿದ. ನಡುನಡುವೆ ನಮ್ಮ ಕೈಯನ್ನೇ ನೋಡುತ್ತಿದ್ದ. "ಎಂಥ ಹರಳು?" ಎಂದು ಡಾಕ್ಟರನ್ನು ಕೇಳಿದ. "ಕೆಂಪು" ಎಂದರು. ಸ್ವಲ್ಪ ಹೊತ್ತು ಬಿಟ್ಟು ಬಾವಿಯ ಬಳಿ ನನ್ನನ್ನೂ ಕೇಳಿದ. ನನಗೆ ಸುಳ್ಳು ಒಗ್ಗುವುದಿಲ್ಲ. ಗಾಬರಿಯಲ್ಲಿ "ಹಳದಿ" ಎಂದೆ.

"ಹಾಗಾದರೆ ಎರಡು ಉಂಗುರ" ಎಂದ.

"ಎರಡು" ಎಂದು ಡಾಕ್ಟರು ದೂರದಿಂದಲೇ ಒಪ್ಪಿಕೊಂಡರು.

ಮುದುಕ ಚಹಾ ಬಗ್ಗಿಸಿ ಕೊಟ್ಟ. "ಗ್ರ್ಯಾಂಡ್" ಎಂದ, ಎಲ್ಲ ಸರಿ ಎನ್ನಲು ಇಲ್ಲಿಯವರು ಆಡುವ ಮಾತು. ಆಮೇಲೆ ನಿಧಾನವಾಗಿ, "ನೀವು ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯುವವರಲ್ಲವೇ ಡಾಕ್ಟರೇ? ಹೊಲಿಯೋ ಮೊದಲು ಒಳಗೊಮ್ಮೆ ನೋಡ್ತೀರಿ ತಾನೆ?"

ಹುಣಸೆಹಣ್ಣಿನ ಇತಿಹಾಸ

ಬಾವಿಕಟ್ಟೆಯ ಬಳಿ ಯಂತ್ರ ಕೂಗಿತು. ಹಸಿರು ಕಿಲುಬು ಹಿಡಿದ ಬಿಲ್ಲೆಯೊಂದು ಸಿಕ್ಕಿತು. ಡಾಕ್ಟರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. "ಸಾವಿರ ವರ್ಷದ್ದಿರಬೇಕು. ಇದನ್ನ ಮ್ಯೂಸಿಯಮ್ಮಿನವರಿಗೆ ಹೇಳಲೇಬೇಕು" ಎಂದು ಅದನ್ನು ಹಿತ್ತಿಲ ಮೆಟ್ಟಿಲ ಮೇಲೆ ಹತ್ತಿಯಲ್ಲಿಟ್ಟು ಫೋನ್ ನಂಬರು ಹುಡುಕಲು ಕಾರಿಗೆ ಹೋದರು.

ಕಿಲುಬು ಹಿಡಿದ ತಾಮ್ರ ಕಂಡರೆ ನಮ್ಮ ಮನೆತನದ ಕೈ ಸುಮ್ಮನಿರುವುದಿಲ್ಲ. ಪೂಜೆಯ ಚೀಲದಲ್ಲಿ ಹುಣಸೆಹಣ್ಣಿತ್ತು, ಉಪ್ಪಿತ್ತು. ಅವರು ಬರುವಷ್ಟರಲ್ಲಿ ಪಂಚಪಾತ್ರೆಯ ಹಾಗೆ ಬೆಳಗಿಟ್ಟಿದ್ದೆ.

ಡಾಕ್ಟರು ಗೋಡೆ ಹಿಡಿದುಕೊಂಡರು. "ಸಾವಿರ ವರ್ಷದ ಕಿಲುಬು ಕಣ್ರೀ ಅದು. ಅದಕ್ಕೇ ಬೆಲೆ."

ಅವರ ಹೆಂಡತಿ ಬಿಲ್ಲೆಯನ್ನು ಮಗುಚಿ ನೋಡಿದರು. ಒಂದು ಕಡೆ ವೀಣೆಯಂಥ ವಾದ್ಯ, ಇನ್ನೊಂದು ಕಡೆ ಮರಿಗಳ ಜೊತೆ ಒಂದು ಕೋಳಿ. ಚಹಾದ ಫ್ಲಾಸ್ಕ್ ಮರೆತು ಹೋಗಿದ್ದ ಮುದುಕ ಅದೇ ಹೊತ್ತಿಗೆ ಬಂದು ಪಕ್ಕದಲ್ಲಿ ನಿಂತಿದ್ದ. "ಪೆನ್ನಿ" ಎಂದ. "ಇದನ್ನ ಕೊಟ್ಟು ನಾನು ಮಿಠಾಯಿ ತಿಂತಿದ್ದೆ."

ಡಾಕ್ಟರ ಹೆಂಡತಿ ಗಂಡನ ಕಡೆ ತಿರುಗಿದರು. "ಮ್ಯೂಸಿಯಮ್ಮಿಗೆ ಇವರನ್ನೇ ಕಳಿಸಿ. ಇವರು ಇನ್ನೂ ಹಳಬರು."

ಈಶಾನ್ಯದ ಮೂಲೆ

ಬಾಡಿಗೆ ಮನೆಯಲ್ಲಿ ಸಾಮಾನು ಕಟ್ಟಿಯಾಗಿತ್ತು. ಇನ್ನು ಉಳಿದದ್ದು ಒಂದೇ ವಾರ. ಈಶಾನ್ಯದ ಮೂಲೆಯೊಂದನ್ನು ನೋಡಿಬಿಟ್ಟರೆ ಶೋಧ ಮುಗಿಯುತ್ತಿತ್ತು. ಅಲ್ಲಿ ಯಂತ್ರ ಕೀಂ ಎನ್ನಲಿಲ್ಲ, ಅರಚಿತು. ಡಾಕ್ಟರು ಅಗೆದರು. ಮಣ್ಣಿನೊಳಗಿಂದ ದಪ್ಪನೆಯ ತಾಮ್ರದ ಸುರುಳಿಯೊಂದು ಎದ್ದಿತು. ಸುತ್ತು ಸುತ್ತಾಗಿ ಮಲಗಿ, ಮೇಲೆ ಬಂದ ತುದಿ ಕತ್ತೆತ್ತಿದ ಹಾಗೆ ಬಾಗಿತ್ತು.

ನನ್ನ ಕೈ ತಾನಾಗಿ ಮುಗಿದುಕೊಂಡಿತು. "ಇದು ಶಲ್ಯ ಅಲ್ಲ ತಾಯಿ" ಎಂದೆ. "ನಾಗಪ್ಪ. ಈಶಾನ್ಯದಲ್ಲಿ ಕೂತು ನಿಮ್ಮ ನೆಲ ಕಾಯ್ತಿದಾನೆ."

ಆಕೆಯ ಕಣ್ಣು ತುಂಬಿತು. "ಹಾಗಾದ್ರೆ ಗುರುವಾರವೇ ಹಾಲು ಉಕ್ಕಿಸೋಣ" ಎಂದರು. ಡಾಕ್ಟರು ದೊಡ್ಡ ಉಸಿರು ಬಿಟ್ಟರು. ಸುರುಳಿಯನ್ನು ಹುಣಸೆಹಣ್ಣಿನಿಂದ ತೊಳೆದು, ಅರಿಸಿನ ಕುಂಕುಮ ಹೂವಿಟ್ಟು, ಹಾಲಿನ ಅಭಿಷೇಕ ಮಾಡಿದೆ. ಬಾಗಿದ ತುದಿಯ ತೂತಿನೊಳಗೆ ಹಾಲು ಗುಳುಗುಳು ಎಂದು ಇಳಿಯಿತು. ಅದೂ ನನಗೆ ಶುಭವಾಗಿಯೇ ಕೇಳಿಸಿತು.

ಮಂಗಳಾರತಿ ಎತ್ತುವಾಗ ಬೇಲಿಯ ಮೇಲಿನ ಟೋಪಿ ಅಲ್ಲಾಡಿತು. ಮುದುಕ ಗೇಟು ದಾಟಿ ಬಂದ. ಟೋಪಿ ತೆಗೆದು ಎದೆಗಿಟ್ಟುಕೊಂಡ.

"ನೀವು ಸರ್ಕಾರದವರಲ್ಲ ಅಂತಾಯ್ತು" ಎಂದ. "ಸರ್ಕಾರದವರು ಇದಕ್ಕೆ ಹೂ ಹಾಕಲ್ಲ."

"ಇದು ನಿಮಗೆ ಗೊತ್ತಾ?" ಎಂದರು ಡಾಕ್ಟರು.

"ನಮ್ಮಪ್ಪನದು. ಪೋಚೀನ್ ಭಟ್ಟಿಯ ಕೊಳವೆ. ಆಗ ಈ ಹಿತ್ತಿಲು ನಮ್ಮದು, ಭಟ್ಟಿ ಇಳಿಸ್ತಿದ್ದದ್ದೂ ಇಲ್ಲೇ. ಗಾರ್ಡಾ ಬರ್ತಾರೆ ಅಂತ ಸುದ್ದಿ ಬಂದಾಗ ಎಲ್ಲೋ ಹೂತ. ಎಲ್ಲಿ ಅಂತ ಹೇಳದೆ ಸತ್ತ. ನೀವು ಯಂತ್ರ ತಂದ ದಿನದಿಂದ ನನಗೆ ನಿದ್ದೆ ಇಲ್ಲ."

ಪೋಚೀನ್ ಅಂದರೆ ಇಲ್ಲಿಯ ಕಳ್ಳಭಟ್ಟಿ ಸಾರಾಯಿ. ನಾನು ಆರತಿತಟ್ಟೆ ಕೆಳಗಿಟ್ಟೆ. ಡಾಕ್ಟರು ಹೆಂಡತಿಯ ಮುಖ ನೋಡಿದರು. ಗುರುವಾರ ಕೈತಪ್ಪಿತು ಎಂದೇ ನಮ್ಮಿಬ್ಬರಿಗೂ ಅನ್ನಿಸಿತು.

ಆಕೆ ಮುದುಕನನ್ನು ಕೇಳಿದರು: "ನಿಮ್ಮಪ್ಪ ದೇವರು ದಿಂಡರು ಅಂತೇನಾದ್ರೂ ನಂಬ್ತಿದ್ರಾ?"

"ಪ್ರತಿ ಭಟ್ಟಿಯ ಮೊದಲ ತೊಟ್ಟು ನೆಲಕ್ಕೇ ಬಿಡ್ತಿದ್ದ. ನೆಲದಡಿಯವರಿಗೆ ಅಂತ. ಅದಕ್ಕೂ ಮುಂಚೆ ತಾನು ಬಾಯಿಗೆ ಮುಟ್ಟಿಸ್ತಿರಲಿಲ್ಲ."

"ಅಂದ್ರೆ ಈ ನೆಲಕ್ಕೆ ಎಷ್ಟೋ ವರ್ಷದಿಂದ ನೈವೇದ್ಯ ಸಿಕ್ಕಿದೆ" ಎಂದರು ಆಕೆ. "ನನಗಷ್ಟು ಸಾಕು. ಗುರುವಾರ ಗುರುವಾರವೇ."

ಮುದುಕ ಸುರುಳಿಯನ್ನು ಎತ್ತಿ ತುದಿ ಬಗ್ಗಿಸಿದ. ಬೆಳ್ಳಗೆ ಸುರಿಯಿತು. "ಏನು ಹಾಕಿದ್ದೀರಿ ಇದಕ್ಕೆ?"

"ಹಾಲು" ಎಂದೆ.

ಅವನು ಅದನ್ನು ಮಗುವಿನ ಹಾಗೆ ತೋಳಿನಲ್ಲಿ ಇಟ್ಟುಕೊಂಡು ತುಸು ಹೊತ್ತು ನೋಡಿದ. "ಪಾಪ" ಎಂದ. "ಇದು ಹುಟ್ಟಿದ ಮೇಲೆ ಇದರ ಹೊಟ್ಟೆಗೆ ಹಾಲು ಬಿದ್ದದ್ದು ಇವತ್ತೇ ಮೊದಲು."

ಓದಿದವರೇ, ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಇನ್ನೊಬ್ಬರಿಗೆ ಹೇಳಿ, ಅವರಿಗೂ ಇನ್ನೊಬ್ಬರಿಗೆ ಹೇಳಲು ಹೇಳಿ. ಕೇಳುವವರು ಗಾರ್ಡಾ ಆಗಿದ್ದರೆ ಮಾತ್ರ, ಸಿಕ್ಕಿದ್ದು ನಾಗಪ್ಪ ಎಂದಷ್ಟಕ್ಕೇ ನಿಲ್ಲಿಸಿ.