ಕಲ್ಲು ಒಡೆಯದ ಸುತ್ತಿಗೆ

ಸುತ್ತಿಗೆ ಹಿಡಿದು ಬಂದು ಕಲ್ಲು ಒಡೆಯದೇ ಹೋಗುವ ಮನುಷ್ಯನನ್ನು ಕಂಡರೆ ನಮ್ಮ ಜಮಖಂಡಿ ಕಡೆಯವರಿಗೆ ಸುಮ್ಮನಿರಲು ಆಗುವುದಿಲ್ಲ. ಏತ ನೀರಾವರಿ ಕಾಮಗಾರಿಗಳಲ್ಲಿ ಬಂಡೆಗಳ ಗಟ್ಟಿತನ ಅಳೆಯುತ್ತ ತಿರುಗಿದಷ್ಟು ವರ್ಷವೂ ನನಗೆ ಒಂದಿಲ್ಲೊಂದು ಫಜೀತಿ ಇದ್ದೇ ಇತ್ತು. ನನ್ನ ಸುತ್ತಿಗೆ ಅಂದರೆ ಒಂದು ಕೊಳವೆ, ಒಳಗೆ ಸ್ಪ್ರಿಂಗು. ಕಲ್ಲಿಗೆ ಒತ್ತಿದರೆ ‘ಟಕ್’ ಅಂತ ಬಡಿದು ಹಿಂದಕ್ಕೆ ಪುಟಿಯುತ್ತದೆ. ಹೆಚ್ಚು ಪುಟಿದರೆ ಕಲ್ಲು ಗಟ್ಟಿ. ಕಲ್ಲಿಗೆ ಏನೂ ಆಗುವುದಿಲ್ಲ, ಆಗುವುದೆಲ್ಲ ನನಗೇ.

ಚಟ್ನಿ

ರಬಕವಿಯಲ್ಲಿ ನೇಕಾರರ ಮನೆಯೊಂದರಲ್ಲಿ ಬಾಡಿಗೆಗಿದ್ದೆ. ತುಬಚಿಯ ಕಾಮಗಾರಿಯಲ್ಲಿ ಬಂಡೆ ಕೊರೆದು ತೆಗೆದ ಗೇಣುದ್ದದ ಉರುಟು ಕಲ್ಲುಗಳನ್ನು ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಒಂದು ಮಾಯ. ಪಂಪ್‌ಹೌಸಿನ ಅಡಿಪಾಯ ಆ ಕಲ್ಲಿನ ಪರೀಕ್ಷೆಗೇ ಕಾದಿತ್ತು. ಗಾಬರಿಯಾಗಿ ಒಳಗೆ ಓಡಿದರೆ, ಮನೆಯ ಅಜ್ಜಿ ಅದರಿಂದಲೇ ಶೇಂಗಾ, ಬೆಳ್ಳುಳ್ಳಿ ಕುಟ್ಟುತ್ತಿದ್ದಾಳೆ.

“ಆಯೀ, ಅದು ಸರಕಾರದ ಕಲ್ಲು!”

“ಸರಕಾರದ್ದಾದ್ರೂ ಛಲೋ ಐತಿ ನೋಡಪಾ. ಇನ್ನೊಂದು ತಾ, ಬಾಜೂ ಮನಿಯವ್ರೂ ಕೇಳಾಕತ್ತಾರ.”

ತೊಳೆದು ಪ್ರಯೋಗಾಲಯಕ್ಕೆ ಒಯ್ದೆ. ಅಲ್ಲಿಯವರು ಮೂಸಿ ನೋಡಿ ಕೇಳಿದರು: “ಇದು ತುಬಚಿ ಕಲ್ಲೋ, ಖಾನಾವಳಿ ಕಲ್ಲೋ?”

ಸಾಕ್ಷಿ

ಅನಗವಾಡಿ ಹತ್ತಿರದ ಬಂಡೆ ಪರೀಕ್ಷಿಸಿ, ಹೊಸದಾಗಿ ಬಂದ ಹಿರಿಯ ಅಧಿಕಾರಿಯ ಮುಂದೆ ವರದಿ ಹಿಡಿದು ನಿಂತೆ.

“ಒಡದ ತುಂಡು ಎಲ್ಲೈತ್ರಿ?”

“ಕಲ್ಲು ಒಡೀಲಾರದ ಮಾಡೂ ಪರೀಕ್ಷಾ ರೀ ಸರ್.”

ಅವರು ವರದಿ ತಿರುವಿ ನೋಡಿದರು. “ಆತು. ಆದ್ರ ಕಲ್ಲು ಒಳಗ ಒಡದಿಲ್ಲ ಅಂತ ಹೆಂಗ ನಂಬೂದು? ಒಡದು ತೋರಸ್ರಿ!”

ಟಗರು

ಮುಧೋಳದ ಬಳಿ ಕಾಲುವೆ ಅಗೆಯುತ್ತಿದ್ದಲ್ಲಿ ಕುರಿಗಾರ ಹಿರಿಯರೊಬ್ಬರು ತಮ್ಮ ಟಗರು ಹಿಡಿದುಕೊಂಡು ನನ್ನ ಕೆಲಸ ನೋಡುತ್ತ ನಿಂತರು.

“ಸಾಹೇಬ್ರ, ಇದು ಎಷ್ಟು ಗಟ್ಟಿ ಅಂತ ಹೇಳತೈತೇನ್ರಿ?”

“ಹೌದ್ರಿ.”

“ಹಂಗಾರ ನಮ್ಮ ಟಗರಿನ ಹಣಿಗೆ ಒಂದು ಒತ್ತರಿ. ಬರೂ ವಾರ ಕಾಳಗ ಐತಿ. ಎದುರಿನ ಟಗರು ಭಾಳ ಗಟ್ಟಿ ಅಂತಾರ. ನನಗ ನಿದ್ದಿನ ಬರವಲ್ದು.”

ಜೀವಂತ ಪ್ರಾಣಿಗೆ ಒತ್ತಿದರೆ ಪೆಟ್ಟಾಗುತ್ತದೆ ಅಂದೆ. ಅವರ ಮುಖ ಸಣ್ಣದಾಯಿತು. ಪಾಪ ಅನಿಸಿ, ಕಲ್ಲಿನ ಮೇಲಾದರೂ ತೋರಿಸೋಣ ಅಂತ ಬಗ್ಗಿ ಒತ್ತಿದೆ. ‘ಟಕ್!’

ತಲೆಗೆ ತಲೆ ತಾಗಿದ ಸದ್ದು ಅಂತ ತಿಳಿಯಿತೋ ಏನೋ, ಟಗರು ಹಗ್ಗ ಬಿಡಿಸಿಕೊಂಡು ಹಿಂದಕ್ಕೆ ಸರಿಯಿತು. ನನ್ನ ಬೆನ್ನು ಅದರ ಕಡೆಗಿತ್ತು. ಮುಂದಿನದು ನಾನು ಕಾಣಲಿಲ್ಲ, ಅನುಭವಿಸಿದೆ. ಸುತ್ತಿಗೆ ಒಂದು ಕಡೆ, ಕನ್ನಡಕ ಒಂದು ಕಡೆ, ಬಂಡೆಯಾಚೆ ನಾನು.

ಹಿರಿಯರು ಓಡಿ ಬಂದು ಎಬ್ಬಿಸಿ, ಪ್ಯಾಂಟಿನ ಧೂಳು ಕೊಡವಿದರು.

“ಭಾಳ ಪೆಟ್ಟಾತೇನ್ರಿ ಸಾಹೇಬ್ರ?”

“ಭಾಳ ರೀ,” ಅಂದೆ, ಸೊಂಟ ಹಿಡಿದುಕೊಂಡು.

“ಖರೇನ ಭಾಳ?”

“ಖರೇನ ರೀ!”

ಅವರ ಮುಖ ಅರಳಿತು. ಟಗರಿನ ಕೊರಳು ತಬ್ಬಿಕೊಂಡು, ಕುಲದೇವರನ್ನು ನೆನೆದು, “ಬೀರೇಶ್ವರಾ, ನಾ ಗೆದ್ದೆ!” ಅಂದರು. ಆಮೇಲೆ ನನ್ನ ಕಡೆ ತಿರುಗಿ ಕೈಮುಗಿದರು:

“ಎಷ್ಟು ಗಟ್ಟಿ ಐತಿ ಅಂತ ಸಹಿ ಮಾಡಿ ಒಂದು ಚೀಟಿ ಕೊಡ್ರಿ ಸಾಹೇಬ್ರ. ಎದುರಿನವರು ಓದಿ ಮನೀಗೆ ಹೋಗಲಿ!”